ಬೆನ್ನ ಹಿಂದಿನಿಂದ ಯಾರೂ ಕರೆಯಲಿಲ್ಲ

"ಸುಳ್ಳು ಬರೀಬ್ಯಾಡ್ರಿ ಕಾಕಾ! ನಾ ನಿಮ್ಮನ್ನ ಕರದೇ ಇಲ್ಲ!"

"ಕರದಿ. 'ಗ್ಯಾನಪ್ಪ ಕಾಕಾ' ಅಂದಿ. ಅದಕ್ಕ ನಾ ತಿರುಗಿದೆ."

"ಯಾರು ಕೇಳ್ಯಾರ? ತಂತಿ ತುರುಕಿದಂಗ ಮಾತು ತುರುಕಾಕ ನಾ ಏನ್ ನಿಮ್ಮ ಅಂಗಡ್ಯಾಗಿನ ಸುಟ್ಟ ಮೋಟಾರೇನು?"

"ಲೇ ಹುಡುಗಿ, ಬಾಯಿ ಮುಚ್ಚು! ಇದು ನನ್ನ ಕಥಿ. ಇದರಾಗ ನಾ ಹೇಳಿದ್ದನ್ನ ನೀ ಹೇಳಬೇಕು."

"ಹೇಳಂಗಿಲ್ಲ. ಏನ್ ಮಾಡ್ಕೊಂತೀರಿ ಮಾಡ್ಕೊಳ್ರಿ!"

(ಓದುಗರೇ, ಕಥೆಯನ್ನು ಹೀಗೆ ಜಗಳದಿಂದ ಶುರು ಮಾಡಬಹುದೇ? ನನಗೆ ಗೊತ್ತಿಲ್ಲ. ನಾನು ಬಳಗಾನೂರಿನ ಸಾಲಿಯಲ್ಲಿ ಏಳನೆಯ ತನಕ ಓದಿದವನು. ಅಲ್ಲಿ ಮಾಸ್ತರರು 'ಒಂದೂರಿನಲ್ಲಿ' ಎಂದು ಶುರು ಮಾಡಲು ಕಲಿಸಿದ್ದರು. ಅದನ್ನೂ ನೋಡಿಬಿಡೋಣ.)

೧. ಹರಿದು ಹಾಕಿದ ಕರಡು

ಒಂದೂರಿನಲ್ಲಿ, ಅಂದರೆ ಮಸ್ಕಿಯಲ್ಲಿ, ಗ್ಯಾನಪ್ಪ ಎಂಬ ಮೋಟಾರು ರಿವೈಂಡಿಂಗ್ ಮಾಡುವವನಿದ್ದ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವವನು. ಐವತ್ತರ ಹತ್ತಿರದ ವಯಸ್ಸು, ಮೂಗಿನ ಮೇಲೆ ಸಿಟ್ಟು. ಪುರವಣಿಗಳಿಗೆ ಕಥೆ ಬರೆಯುವ ಚಟ ಮೊದಲೇ ಇತ್ತು, ಅದರ ಮೇಲೆ ಪಿಸ್ತೂಲಿನ ಹುಚ್ಚು ಹತ್ತಿತು. ಗುಂಡಿನ ಪಿಸ್ತೂಲಲ್ಲ, ಗಾಳಿಯದು. ಸಣ್ಣ ಕಾಳಿನಂಥ ಛರ್ರಾ ಹಾರಿಸುತ್ತದೆ. ಎದೆಗೆ ಬಿದ್ದರೆ ಬಾವು ಬರುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ.

ಮಿಲಿಟರಿಯಿಂದ ನಿವೃತ್ತರಾದ ಮಂಜೂರ್ ಸರ್ ಸಿಂಧನೂರಿನಲ್ಲಿ, ಮುಚ್ಚಿಹೋದ ರೈಸ್ ಮಿಲ್ಲೊಂದರ ಗೋದಾಮಿನಲ್ಲಿ ಈ ಆಟ ಕಲಿಸುತ್ತಾರೆ. ನಿಂತಲ್ಲೇ ನಿಂತು ಹೊಡೆಯುವ ಆಟ ಇದಲ್ಲ. ಹೊಟ್ಟು ತುಂಬಿದ ಚೀಲಗಳ ಮರೆಯಿಂದ ಮರೆಗೆ ಓಡಬೇಕು, ಬಗ್ಗಬೇಕು, ಕಿಂಡಿಯಲ್ಲಿ ಹೊಡೆಯಬೇಕು, ಕಬ್ಬಿಣದ ತಟ್ಟೆಗಳನ್ನು ಬೀಳಿಸಬೇಕು. ದೊಡ್ಡ ಕಾನೂನು ಒಂದೇ: ಪಿಸ್ತೂಲಿನ ಬಾಯಿ ಯಾವತ್ತೂ ಗುರಿಯ ಗೋಡೆಯ ಕಡೆಗೇ ಇರಬೇಕು. ಜನರ ಕಡೆ ತಿರುಗಿತೋ, ಆಟದಿಂದ ಹೊರಗೆ.

ಆಡುವವನ ಬೆನ್ನಿಗೇ ಟೈಮರ್ ಹಿಡಿದು ನಡೆಯುವವಳು ಅಂಜುಮ್. ಗ್ಯಾನಪ್ಪನ ಅಂಗಡಿಯ ಪಕ್ಕದಲ್ಲೇ ಸೀಟು, ಕುಶನ್ ಹೊಲಿಯುವ ನಬೀಸಾಬನ ಮಗಳು. ತಪ್ಪು ಕಂಡರೆ 'ಸ್ಟಾಪ್' ಎನ್ನುವುದು ಅವಳ ಕೆಲಸ. ಆಟದ ನಡುವೆ ಅದೊಂದನ್ನು ಬಿಟ್ಟು ಬೇರೆ ಶಬ್ದ ಅವಳ ಬಾಯಿಂದ ಬರಬಾರದು. ಮುಂದಿನ ಲಿಂಗಸುಗೂರು ಮ್ಯಾಚಿನ ಪೂರ್ತಿ ಉಸ್ತುವಾರಿ ಅವಳಿಗೇ ಎಂದು ಮಂಜೂರ್ ಸರ್ ಹೇಳಿದ್ದರು. ನಬೀಸಾಬ ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೇಳಿ ಚಹಾ ಕುಡಿಸುತ್ತಿದ್ದ.

(ನಿಲ್ಲಿ. 'ಗ್ಯಾನಪ್ಪ ಎಂಬವನಿದ್ದ' ಎಂದು ಬರೆದ ಕೂಡಲೇ ಅವನು ಬೇರೆ ಯಾರೋ ಆಗಿಬಿಡುತ್ತಾನೆ. ಎಂಥಾ ಸುಖ! ಅದಕ್ಕೇ ಹರಿದೆ. ಆ ಗ್ಯಾನಪ್ಪ ನಾನೇ.)

೨. ವಿಮರ್ಶೆ

ಆಡಿದವರು ತಮ್ಮ ಆಟವನ್ನು ತಾವೇ ಕೂತು ನೋಡಬೇಕು, ಎಲ್ಲಿ ಕೆಟ್ಟಿತು ಹೇಳಬೇಕು ಎಂಬುದು ಮಂಜೂರ್ ಸರ್ ಹಾಕಿಕೊಟ್ಟ ಪದ್ಧತಿ. ನನ್ನ ಹೆಂಡತಿ ಕನಕಮ್ಮ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದಳು. ನೋಡಿದೆ.

ಶುರು ಚಲೋ ಇದೆ. ಟೈಮರ್ ಕೂಗಿದ ಕೂಡಲೇ ಪಿಸ್ತೂಲು ಕೈಗೆ ಬಂದಿದೆ. ಓಡುವಾಗ ನನಗಿಂತ ಮುಂದೆ ನನ್ನ ಹೊಟ್ಟೆ ಓಡಿದೆ. ಕಿಂಡಿಯಲ್ಲಿ ಒಂದು ಏಟು ಗುರಿಗೆ, ಒಂದು ಚೀಲಕ್ಕೆ. ಛರ್ರಾ ತುಂಬಿದ ಮ್ಯಾಗಜಿನ್ ಬದಲಿಸುವಾಗ ಕೈಜಾರಿ ಬಿತ್ತು. ಅದರ ತಾಯಿಗೆ ಬೈದೆ. ಅದೂ ಕೇಳುತ್ತದೆ.

ಆಮೇಲೆ ತಟ್ಟೆಗಳು. ಟಣ್, ಟಣ್, ಟಣ್, ಒಂದೂ ಉಳಿಯಲಿಲ್ಲ. ಹಿಂದೆ ಯಾರೋ 'ಭಲೇ' ಅಂದರು. ಇನ್ನೂ ಎರಡು ರಟ್ಟಿನ ಗುರಿ ಬಾಕಿ ಇದ್ದವು.

ನಾನು ತಿರುಗಿದೆ.

ಯಾಕೆ? ಹರೆಯದಲ್ಲಿ ಕುಸ್ತಿ ಆಡಿದವನು ನಾನು. ಎದುರಿನವನನ್ನು ಚಿತ್ ಮಾಡಿದ ಮೇಲೆ ಯಾವ ಪೈಲ್ವಾನನೂ ಬಿದ್ದವನನ್ನು ನೋಡುತ್ತ ನಿಲ್ಲುವುದಿಲ್ಲ. ಕೈ ಎತ್ತಿ ಕಣದಲ್ಲಿ ಒಂದು ಸುತ್ತು ತಿರುಗುತ್ತಾನೆ, ಕೂತ ಜನಕ್ಕೆಲ್ಲ ಮುಖ ತೋರಿಸುತ್ತಾನೆ. ನಾನೂ ತೋರಿಸಿದೆ. ಆದರೆ ಎತ್ತಿದ ಕೈಯಲ್ಲಿ ಪಿಸ್ತೂಲಿತ್ತು, ಬೆರಳು ಟ್ರಿಗರಿನ ಮೇಲಿತ್ತು. ಅದರ ಬಾಯಿ ಬೆಂಚಿನ ಮೇಲೆ ಕೂತವರನ್ನೆಲ್ಲ ಸವರಿಕೊಂಡು, ಕನಕಮ್ಮನನ್ನೂ ಸವರಿಕೊಂಡು ಬಂದು ಅಂಜುಮಳ ಮುಖದ ಮುಂದೆ ನಿಂತಿತು.

ಅವಳು ಚೀರಲಿಲ್ಲ. 'ಸ್ಟಾಪ್' ಅಂದಳು. ನನ್ನ ಮುಂಗೈ ಹಿಡಿದು ನೆಲದ ಕಡೆ ಒತ್ತಿದಳು. ವಿಡಿಯೋದಲ್ಲಿ ನೋಡಿದರೆ ಆ ಇಡೀ ಗೋದಾಮಿನಲ್ಲಿ ತನ್ನ ಕೆಲಸ ಸರಿಯಾಗಿ ಮಾಡಿದವಳು ಅವಳೊಬ್ಬಳೇ.

ಆಟ ಮುಗಿಯಿತು. ಅಷ್ಟಕ್ಕೇ ಸುಮ್ಮನಿದ್ದರೆ ನಾನು ಬರೀ ದಡ್ಡ. ಸುಮ್ಮನಿರಲಿಲ್ಲ.

"ಈಕಿ ಹಿಂದಿಂದ ಕರದ್ಳು ಸರ್," ಅಂದೆ. "ಕರದ್ರ ತಿರುಗದ ಹ್ಯಾಂಗಿರ್ಲಿ?"

ಎಲ್ಲರೂ ಹೌದೆಂದು ತಲೆ ಆಡಿಸಿದರು. ನಮ್ಮ ಕಡೆ ಕರೆದವರಿಗೆ ಬೆನ್ನು ಕೊಟ್ಟು ಓ ಅನ್ನುವವರು ಯಾರಿದ್ದಾರೆ? ತಮ್ಮನ್ನು ಕರೆದಿದ್ದರೂ ಹೀಗೇ ಆಗುತ್ತಿತ್ತು ಎಂದು ಒಬ್ಬೊಬ್ಬರಿಗೂ ಅನ್ನಿಸಿರಬೇಕು. ನನ್ನ ಸುಳ್ಳು ನಿಂತದ್ದು ಅವರ ಒಳ್ಳೆಯ ನಡವಳಿಕೆಯ ಮೇಲೆ.

"ಸರ್, ನಾ ಕರದಿಲ್ಲ ಸರ್," ಅಂದಳು ಅಂಜುಮ್.

"ಇಷ್ಟು ವಯಸ್ಸಾದವ್ರು ಸುಳ್ಳು ಹೇಳ್ತಾರೇನವ್ವಾ?" ಮಂಜೂರ್ ಸರ್ ಅವಳ ಕೈಯಿಂದ ಟೈಮರ್ ತಗೊಂಡರು. "ಆಡೋರನ್ನ ಹಿಂದಿಂದ ಕರಿಯೋರು ನಮಗ ಬ್ಯಾಡ. ಲಿಂಗಸುಗೂರಿಗೆ ನೀ ಬರಬ್ಯಾಡ."

ನಾನು ಹೇಗೂ ಆಟದಿಂದ ಹೊರಗೆ ಬಿದ್ದವನೇ. ಆ ಸುಳ್ಳಿನಿಂದ ನನಗೆ ಒಂದು ಅಂಕವೂ ಸಿಗಲಿಲ್ಲ.

೩. ಕನಕಮ್ಮ ಕೇಳಿದ್ದು

"ರೀ, ಈ ವಿಡಿಯೋದಾಗ ಯಾರೂ ಕರದಿಲ್ಲಲ್ರೀ."

"ಗೋದಾಮಿನ ಫ್ಯಾನಿನ ಸಪ್ಪಳದಾಗ ಕೇಳ್ಸಂಗಿಲ್ಲ."

"ನೀವು ಮ್ಯಾಗಜಿನ್ನಿಗೆ ಬೈದದ್ದು ಕೇಳತೈತಿ. ಆಕಿ ಕರದದ್ದು ಕೇಳಂಗಿಲ್ಲೇನು?"

"ನಿನಗೇನ್ ತಿಳೀತೈತಿ ಈ ಆಟದಾಗ?"

"ಆಟದಾಗ ತಿಳಿಯಂಗಿಲ್ಲ. ನಿಮ್ಮಾಗ ತಿಳೀತೈತಿ," ಎಂದು ಒಳಗೆ ಹೋದಳು. ಅವತ್ತಿನಿಂದ ರೊಟ್ಟಿ ಬಡಿಯುವ ಸಪ್ಪಳ ಜೋರಾಗಿದೆ.

೩, ಮತ್ತೊಂದು ಕರಡು

ಕಥೆ ಬರೆಯುವವನಿಗೆ ಇದೊಂದು ಅನುಕೂಲ. ನಡೆಯದ್ದನ್ನು ನಡೆಸಬಹುದು. ಅಂಜುಮ್ ಮೆಲ್ಲಗೆ ಕರೆದಳು ಎಂದು ಬರೆದೆ. ಅವಳು ಏನಂದಳು ಎಂಬುದನ್ನು ಮೇಲೆಯೇ ಓದಿದ್ದೀರಿ. ಸರಿ, ಚಹಾ ತಂದವನು 'ಅಣ್ಣಾ' ಎಂದು ಕರೆದ ಎಂದು ಬದಲಿಸಿದೆ. ಸಾಲು ಮುಗಿಯುವುದರೊಳಗೆ ಕಾಗದದಲ್ಲಿದ್ದ ಅಂಜುಮ್ ಎದ್ದು ನಿಂತಳು.

"ಪಾಪ, ಅವನ ಹೊಟ್ಟಿ ಮ್ಯಾಲೂ ಹೊಡೀತೀರೇನ್ರಿ?"

ಅದನ್ನೂ ಹೊಡೆದುಹಾಕಿದೆ.

೪. ಬೇಕಾದ ಅಂತ್ಯ ಆರಿಸಿಕೊಳ್ಳಿ

(ಅ) ನಾನು ವಿಡಿಯೋ ಹಿಡಿದು ಗೋದಾಮಿಗೆ ಹೋಗುತ್ತೇನೆ, ಎಲ್ಲರೆದುರು ತಪ್ಪು ಒಪ್ಪಿಕೊಳ್ಳುತ್ತೇನೆ. ಜನ ಚಪ್ಪಾಳೆ ತಟ್ಟುತ್ತಾರೆ. (ನೋಡಿದಿರಾ? ಇಲ್ಲಿಯೂ ಜನರ ಕಡೆಗೇ ಮುಖ ಮಾಡಿದೆ. ಥೂ.)

(ಆ) ಅಂಜುಮ್ ತಾನೇ ಬಂದು 'ಇರ್ಲಿ ಬಿಡ್ರಿ ಕಾಕಾ' ಅನ್ನುತ್ತಾಳೆ. ನಾನು ಕಣ್ಣೀರು ಒರೆಸಿಕೊಳ್ಳುತ್ತೇನೆ. (ಪುರವಣಿಯವರಿಗೆ ಇದು ಹಿಡಿಸಬಹುದು. ಅಂಜುಮ್ ಯಾಕೆ ಹಾಗನ್ನಬೇಕು ಎಂದು ಅವರು ಕೇಳುವುದಿಲ್ಲ.)

(ಇ) ಇದು ಕರಡಲ್ಲ. ನಿನ್ನೆ ಮಧ್ಯಾಹ್ನ ಅಂಜುಮ್ ನಿಜವಾಗಿಯೇ ಅಂಗಡಿಗೆ ಬಂದಳು. ನಾನು ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟಾರೊಂದನ್ನು ಬಿಚ್ಚಿಕೊಂಡು ಕೂತಿದ್ದೆ.

"ಕಾಕಾ, ಕನಕಮ್ಮ ಚಿಕ್ಕಮ್ಮ ಹೇಳಿದ್ರು, ವಿಡಿಯೋ ಐತೆಂತ."

ಇಷ್ಟು ಹೊತ್ತು ನೀವು ಓದಿದ ಹಾಳೆಗಳನ್ನು ಅವಳ ಕೈಗಿಟ್ಟೆ. ಎಲ್ಲವೂ ಅದರಲ್ಲಿದೆ, ನಾನು ಒಂದನ್ನೂ ಮುಚ್ಚಿಟ್ಟಿಲ್ಲ, ಓದಲಿ ಎಂದುಕೊಂಡೆ. ಅವಳು ನಿಂತುಕೊಂಡೇ ಓದಿದಳು. ಸುಟ್ಟ ಮೋಟಾರಿನ ಮಾತು ಬಂದಾಗ ತುಸು ನಕ್ಕಳು ಕೂಡ.

"ಚಲೋ ಬರದೀರಿ," ಅಂದಳು.

ನನಗೆ ಖುಷಿಯಾಯಿತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಆಯಿತು.

"ಮಂಜೂರ್ ಸರ್‌ಗೆ ಹೇಳೀರೇನು?"

"ಅಚ್ಚಾಗ್ಲಿ ತಡಿ ಬೇಟಾ. ಅಚ್ಚಾದ ಮ್ಯಾಲ ಎಲ್ಲಾರೂ ಓದ್ತಾರ."

"ಲಿಂಗಸುಗೂರ ಮ್ಯಾಚ್ ನಾಳಿ ಐತಿ ಕಾಕಾ."

"ಹೌದು, ಆದ್ರ..."

"ಸರ್ ಪುರವಣಿ ಓದಂಗಿಲ್ಲ. ನಮ್ಮ ಅಬ್ಬಾಗ ಕನ್ನಡ ಓದಾಕ ಬರಂಗಿಲ್ಲ. ನೀವು ಯಾರಿಗೆ ಒಪ್ಪಿಕೊಳ್ಳಾಕತ್ತೀರಿ?"

ನಾನು ಮೋಟಾರಿನ ಕಡೆ ನೋಡಿದೆ.

"ಇದರಾಗಿನ ಕಾಕಾ ಭಾಳ ಒಳ್ಳೇವ್ರು," ಅಂದಳು. "ತಮ್ಮನ್ನ ತಾವೇ ಬೈಕೊಂತಾರ, ನಗಸ್ತಾರ. ನನಗ ಅವ್ರು ಬ್ಯಾಡ. ಒಂದು ಫೋನ್ ಮಾಡೋ ಕಾಕಾ ಸಾಕಾಗಿತ್ತು."

ಫೋನು ಅಲ್ಲೇ ಇತ್ತು, ಸ್ಕ್ರೂಡ್ರೈವರಿನ ಪಕ್ಕದಲ್ಲಿ. ಅವಳೂ ನೋಡಿದಳು, ನಾನೂ ನೋಡಿದೆ.

"ಏನಂತ ಹೇಳ್ಲಿ ಅವ್ರಿಗೆ? ನನ್ನ ಮಾನಾ..." ಎಂದು ಸಿಟ್ಟಿನಲ್ಲೇ ಶುರು ಮಾಡಿದೆ.

ಅವಳು ಹಾಳೆಗಳನ್ನು ಕೌಂಟರಿನ ಮೇಲಿಟ್ಟಳು, ಹಾರದಿರಲೆಂದು ಮೇಲೊಂದು ಬೇರಿಂಗ್ ಇಟ್ಟಳು, ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಅಪ್ಪನ ಅಂಗಡಿಯ ಕಡೆಗೂ ಹೋಗಲಿಲ್ಲ. ಸೀದಾ ರಸ್ತೆ ದಾಟಿದಳು.

೫.

ಆಮೇಲೆ 'ಅಂಜುಮ್ ತಿರುಗಿ ಬಂದಳು' ಎಂದು ಎಷ್ಟೋ ಸಲ ಬರೆದೆ. ವಾಕ್ಯ ಮಾತ್ರ ಬಂದು ಕೂರುತ್ತದೆ, ಅವಳಿಲ್ಲ. ಜಗಳಕ್ಕಾದರೂ ಬರಲಿ ಎಂದು ಅವಳ ಬಗ್ಗೆ ಹಸಿ ಸುಳ್ಳೊಂದನ್ನು ಬರೆದು ನೋಡಿದೆ. ಕಾಗದದಿಂದ ಯಾರೂ ಎದ್ದು ನಿಂತು ಬೈಯಲಿಲ್ಲ.

ಫೋನ್ ಮಾಡಿದಿಯೋ ಇಲ್ಲವೋ ಎಂದು ನೀವು ಕೇಳುತ್ತೀರಿ. ಅದನ್ನು ಬರೆಯುವುದಿಲ್ಲ. 'ಮಾಡಿದೆ' ಎಂದು ಬರೆದರೆ ನೀವು ನಂಬಿಬಿಡುತ್ತೀರಿ, ಇಷ್ಟು ವಯಸ್ಸಾದವನು ಹೇಳುತ್ತಾನಲ್ಲ ಎಂದು. ನಂಬಬೇಡಿ. ಮಂಜೂರ್ ಸರ್ ಸಿಂಧನೂರಿನಲ್ಲೇ ಇರುತ್ತಾರೆ. ಹೋಗಿ ಕೇಳಿ.

ಅಂಜುಮ್ ಇನ್ನೂ ಬಂದಿಲ್ಲ.