ಶನಿವಾರದ ಏಳರ ಮಗ್ಗಿ

ಕೈಯಲ್ಲಿರುವ ಕೆಲಸ ಒಂದು ಹತ್ತು ನಿಮಿಷ ಪಕ್ಕಕ್ಕಿಡಿ, ಇದನ್ನು ಪೂರ್ತಿ ಕೇಳಿಸಿಕೊಳ್ಳಿ. ಅರ್ಧಕ್ಕೇ ಎದ್ದುಹೋದರೆ ಪ್ರೀತಿ ಮೋಸ ಮಾಡಿದಳು ಅನ್ನುವುದಷ್ಟೇ ನಿಮ್ಮ ತಲೆಯಲ್ಲಿ ಉಳಿಯುತ್ತದೆ. ಮಾಡಿದ್ದು ನಿಜ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ.

ಪ್ರೀತಿಯ ಮನೆ ಪಡುವಾರಹಳ್ಳಿಯಲ್ಲಿ. ಬೆಳಕು ಹರಿಯುವ ಮುಂಚೆ ಎದ್ದು ಚಪಾತಿ ಲಟ್ಟಿಸುವುದು, ಅರ್ಧ ಬೇಯಿಸಿ ಆರಿಸಿ ಐದೈದರ ಕಟ್ಟು ಮಾಡುವುದು, ಎಂಟು ಗಂಟೆಗೆ ಸ್ಕೂಟಿಯಲ್ಲಿ ಕುವೆಂಪುನಗರಕ್ಕೆ ಹೋಗಿ ಮನೆಮನೆಗೆ ಕೊಟ್ಟು ಬರುವುದು, ಇದು ಅವಳ ಕೆಲಸ. ವಾಪಸು ಬರುವಾಗ ಹನ್ನೊಂದು ದಾಟಿರುತ್ತಿತ್ತು. ಮನೆಯಲ್ಲಿದ್ದ ಒಂದೇ ಒಂದು ಸ್ಮಾರ್ಟ್‌ಫೋನು ಅವಳ ಜೊತೆಯಲ್ಲೇ ಹೋಗುತ್ತಿತ್ತು, ಯಾಕೆಂದರೆ ಆರ್ಡರ್ ಬರುವುದೇ ಅದರಲ್ಲಿ. ಗಂಡ ಪ್ರಸನ್ನನದು ಗುಂಡಿ ಒತ್ತುವ ಹಳೇ ಫೋನು, ಅದು ಅವನ ಜೇಬಿನಲ್ಲಿ ಫ್ಯಾಕ್ಟರಿಗೆ ಹೋಗುತ್ತಿತ್ತು. ಮನೆಯಲ್ಲಿ ಉಳಿಯುತ್ತಿದ್ದವರು ಇಬ್ಬರೇ, ಅತ್ತೆ ಮುದ್ದಮ್ಮ ಮತ್ತು ಮಗಳು ಬಿಂದು.

ಕೊರೊನಾ ಬಂದು ಒಂಟಿಕೊಪ್ಪಲಿನ ಸರ್ಕಾರಿ ಶಾಲೆ ಬಾಗಿಲು ಹಾಕಿದಾಗ ಬಿಂದು ಎರಡನೇ ಕ್ಲಾಸು. ಮೂರನೇ ಕ್ಲಾಸು ಯಾವಾಗ ಬಂತು, ಯಾವಾಗ ಹೋಯಿತು ಯಾರಿಗೂ ಗೊತ್ತಿಲ್ಲ. ಈಗ ನಾಲ್ಕು. ನಾಲ್ಕನೇ ಕ್ಲಾಸಿನ ಸುಷ್ಮಾ ಮಿಸ್ಸು ಜೂನ್ ತಿಂಗಳಲ್ಲಿ ಒಂದು ಉಪಾಯ ಹುಡುಕಿದರು. ಎಲ್ಲರ ಮನೆಯಲ್ಲೂ ಇಡೀ ದಿನ ಫೋನು ಇರುವುದಿಲ್ಲ, ಅದಕ್ಕೆ ದಿನಾ ಬೆಳಿಗ್ಗೆ ಒಂಬತ್ತರ ಒಳಗೆ ಮಕ್ಕಳು ಒಂದು ಮಗ್ಗಿ ಹೇಳಿ, ಅದನ್ನು ವಾಯ್ಸ್ ರೆಕಾರ್ಡ್ ಮಾಡಿ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಸೋಮವಾರ ಎರಡರ ಮಗ್ಗಿ, ಮಂಗಳವಾರ ಮೂರರದು, ಹೀಗೇ ಶನಿವಾರ ಬಂದರೆ ಏಳರದು. ಅದೇ ಹಾಜರಿ. ಹಾಕಿದವರಿಗೆ ಮಿಸ್ಸಿನಿಂದ ಒಂದು ಹಳದಿ ಸ್ಟಾರು.

ಮೊದಲ ವಾರ ಪ್ರೀತಿ ಹಿಟ್ಟಿನ ಕೈಯಲ್ಲೇ ಮಗಳನ್ನು ಎಬ್ಬಿಸಿ ಹೇಳಿಸುತ್ತಿದ್ದಳು. ನಿದ್ದೆಗಣ್ಣಿನ ಬಿಂದು ಅಳುತ್ತಿದ್ದಳು, ಇತ್ತ ಕಾವಲಿಯ ಮೇಲೆ ಚಪಾತಿ ಸೀಯುತ್ತಿತ್ತು. ಒಂದು ಭಾನುವಾರ ಪ್ರೀತಿಗೆ ಏನೋ ಹೊಳೆಯಿತು. ಮಗಳಿಗೆ ತಲೆ ಬಾಚಿ ಕೂರಿಸಿಕೊಂಡು, ಎರಡರಿಂದ ಏಳರವರೆಗೆ ಆರೂ ಮಗ್ಗಿ ಒಂದೇ ಸಲ ಹೇಳಿಸಿ ಇಟ್ಟುಕೊಂಡಳು. ಪಕ್ಕದಲ್ಲಿ ಪುಸ್ತಕ ತೆರೆದಿತ್ತು, ಬಿಂದು ಓದಿಕೊಂಡೇ ಹೇಳಿದಳು, ಆದರೆ ಎಷ್ಟು ಚೆನ್ನಾಗಿ ಹೇಳಿದಳು ಅಂದರೆ ಮುದ್ದಮ್ಮ ದೃಷ್ಟಿ ತೆಗೆದರು. ಆ ವಾರ ದಿನಕ್ಕೊಂದರಂತೆ ಹೋದವು. ಮುಂದಿನ ಸೋಮವಾರ ಆರ್ಡರ್ ಜಾಸ್ತಿ ಇತ್ತು, ಸಿಗ್ನಲ್ಲಿನಲ್ಲಿ ನಿಂತಾಗ ಗಂಟೆ ಎಂಟೂ ಐವತ್ತು. ಹೋದ ಸೋಮವಾರದ್ದನ್ನೇ ಮತ್ತೆ ಕಳಿಸಿದಳು. ಐದು ನಿಮಿಷಕ್ಕೆ ಸ್ಟಾರು ಬಂತು.

ಅಷ್ಟೇ. ಜೂನು, ಜುಲೈ, ಆಗಸ್ಟು, ಸೆಪ್ಟೆಂಬರು, ದಸರಾ ಮುಗಿಯುವವರೆಗೂ ಅದೇ ಆರು ಮಗ್ಗಿ ಗಾಣದೆತ್ತಿನ ಹಾಗೆ ಸುತ್ತಿದವು. ನಡುವೆ ನೂರಕ್ಕೆ ನೂರು ಹಾಜರಿ ಅಂತ ಬಿಂದುವಿನ ಹೆಸರಿಗೆ ಫೋನಿಗೆ ಸರ್ಟಿಫಿಕೇಟು ಕೂಡ ಬಂತು. ಮುದ್ದಮ್ಮ ಅದನ್ನು ಪ್ರಿಂಟು ಹಾಕಿಸಿ ಬೀರುವಿಗೆ ಅಂಟಿಸಿದರು. ಅದರ ಮುಂದೆ ಹಾದುಹೋಗುವಾಗಲೆಲ್ಲ ಪ್ರೀತಿ ಮುಖ ಆಚೆ ತಿರುಗಿಸುತ್ತಿದ್ದಳು, ಆದರೆ ಮಗು ಮಗ್ಗಿ ಕಲಿತಿರುವುದಂತೂ ನಿಜ ತಾನೇ ಅಂದುಕೊಂಡು ಸುಮ್ಮನಾಗುತ್ತಿದ್ದಳು.

ನಿಜ ಅಲ್ಲ ಅಂತ ಗೊತ್ತಾಗಿದ್ದು ಒಂದು ಗುರುವಾರ. ಹಿಂದಿನ ದಿನ ಕೈಗೆ ಬಿಸಿ ತಾಗಿ ಬೊಬ್ಬೆ ಎದ್ದಿತ್ತು, ಕಟ್ಟು ಮಾಡಲು ಮಗಳನ್ನು ಕರೆದಳು. ಏಳು ಮನೆಗೆ ಐದೈದು, ಎಷ್ಟು ಎಣಿಸಿ ತೆಗೀಬೇಕು ಹೇಳು ಅಂದಳು. ಬಿಂದು ಬೆರಳು ಮಡಿಸಿದಳು, ಬಿಡಿಸಿದಳು, ಮೇಲೆ ಹೆಂಚು ನೋಡಿದಳು. ಇಪ್ಪತ್ತಾ ಅಂದಳು. ಐದರ ಮಗ್ಗಿ ಹೇಳು ಅಂದರೆ ಐದ್ಮೂರ್ಲ ಹದಿನೈದರವರೆಗೆ ಬಂದು ನಿಂತುಬಿಟ್ಟಳು. ಪ್ರೀತಿ ಒಂದು ಕಟ್ಟಿನ ಮೇಲಿದ್ದ ಚೀಟಿ ತೋರಿಸಿ ಹೆಸರು ಓದಿಸಿದಳು. ದಾಕ್ಷಾಯಣಮ್ಮ ಅಂತ ಬರೆದಿತ್ತು. ಬಿಂದು ದಾ ಅಂದಳು, ಒತ್ತಕ್ಷರದ ಹತ್ತಿರ ಬಂದು ತುಟಿ ಕಚ್ಚಿಕೊಂಡಳು.

"ನಂಗೆ ಮರ್ತೋಗಿದೆ ಕಣಮ್ಮ," ಅಂದಳು ಬಿಂದು ಮೆಲ್ಲಗೆ. "ಮಿಸ್ಸಿಗೆ ಹೇಳ್ಬೇಡ."

ಪ್ರೀತಿ ಆ ದಿನ ಯಾರ ಮನೆಗೆ ಎಷ್ಟು ಕೊಟ್ಟಳೋ ಅವಳಿಗೇ ಗೊತ್ತಿಲ್ಲ. ದಾರಿಯುದ್ದಕ್ಕೂ ಒಂದೇ ಯೋಚನೆ, ಮಗಳ ಎರಡು ವರ್ಷ ಹೋಯಿತು, ಮೂರನೆಯದೂ ಹೋದರೆ ಅವಳು ಇನ್ನು ಪುಸ್ತಕದ ಹತ್ತಿರ ಬರುವುದಿಲ್ಲ. ಮತ್ತೆ ಒಂದು ವಿಷಯ ಹೇಳಬೇಕು. ಇಷ್ಟೆಲ್ಲ ಆದಮೇಲೂ ಅವಳು ಒಂಬತ್ತಕ್ಕೆ ಮುಂಚೆ ಗುರುವಾರದ ಮಗ್ಗಿ ಕಳಿಸಿದಳು. ಶುಕ್ರವಾರದ್ದೂ ಕಳಿಸಿದಳು. ನಿಲ್ಲಿಸಿದರೆ ಯಾಕೆ ಅಂತ ಕೇಳುತ್ತಾರಲ್ಲ, ಆ ಭಯ.

ಶನಿವಾರ ಶಾಲೆಯಲ್ಲಿ ಸಭೆ ಇತ್ತು. ಚಿಕ್ಕ ಮಕ್ಕಳಿಗೂ ಶಾಲೆ ತೆರೆಯಬಹುದು ಅಂತ ಸರ್ಕಾರ ಹೇಳಿತ್ತು, ಆದರೆ ಅಪ್ಪ ಅಮ್ಮಂದಿರ ಒಪ್ಪಿಗೆ ಬೇಕು. ವಾರಕ್ಕೆ ಎರಡು ದಿನ ಸಾಕಾ, ಉಳಿದದ್ದು ಫೋನಿನಲ್ಲೇ ನಡೆಯಲಾ, ಇಲ್ಲ ಆರೂ ದಿನ ಮಕ್ಕಳನ್ನು ಕರೆಸುವುದಾ ಅಂತ ಅವತ್ತು ತೀರ್ಮಾನ ಆಗಬೇಕಿತ್ತು. ಪ್ರೀತಿ ಶಾಲೆಯ ಸಮಿತಿಯಲ್ಲಿ ಸದಸ್ಯೆ ಬೇರೆ.

ಶುಕ್ರವಾರ ಸಂಜೆ ಅವಳು ಮುದ್ದಮ್ಮನ ಹತ್ತಿರ ಕೂತು ಎಲ್ಲ ಹೇಳಿದಳು, ಮಗ್ಗಿಯ ವಿಷಯವನ್ನೂ ಸೇರಿಸಿ. ಮುದ್ದಮ್ಮ ಎರಡನೇ ಅಲೆಯಲ್ಲಿ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದವರು, ಈಗಲೂ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಆರು ದಿನ ಮಗಳು ಹೊರಗೆ ಓಡಾಡಿ ಮನೆಗೆ ಏನಾದರೂ ತಂದರೆ ಮೊದಲು ತಗಲುವುದು ಅವರಿಗೇ. ಪ್ರೀತಿ ಅದನ್ನೂ ಹೇಳಿದಳು. ಮುದ್ದಮ್ಮ ಮೊದಲು ಬೈದರು. ಸುಳ್ಳು ಸರ್ಟಿಫಿಕೇಟಿಗೆ ಪ್ರಿಂಟು ಹಾಕಿಸೋಕೆ ಅಂಗಡಿವರೆಗೆ ನಡೆಸಿದೆಯಲ್ಲ ನನ್ನ ಅಂತ ಬೈದರು. ಆಮೇಲೆ ಸೆರಗು ಕೊಡವಿ ಸೊಸೆಯ ಕಡೆ ತಿರುಗಿದರು.

"ಎಲ್ಡು ಸೂಜೀನೂ ಆಕುಸ್ಕೊಂಡಿವ್ನಿ," ಅಂದರು. "ನಾನು ಓದ್ನಿಲ್ಲ, ಬಸ್ಸಿನ ಬೋರ್ಡು ಕೇಳ್ಕಂಡು ಕೇಳ್ಕಂಡೇ ಮುದುಕಿ ಆದೆ. ನನ್ನ ಉಸುರು ಕಾಯಕ್ಕೆ ಅಂತ ಆ ಮಗೀನೂ ಅಂಗೇ ಮಾಡ್ಬೇಡ ಕಣಮ್ಮಿ. ಕಳ್ಸು. ನಾನು ಒಳ್ಗಡೆ ರೂಮ್ನಾಗೆ ಇರ್ತೀನಿ."

ಶನಿವಾರ ಬೆಳಿಗ್ಗೆ ಅಭ್ಯಾಸಬಲದಿಂದ ಪ್ರೀತಿಯ ಬೆರಳು ಏಳರ ಮಗ್ಗಿಯನ್ನೂ ಕಳಿಸಿಬಿಟ್ಟಿತ್ತು.

ಸಭೆ ಶಾಲೆಯ ಅಂಗಳದ ಹೊಂಗೆ ಮರದ ಕೆಳಗೆ. ದೂರದೂರ ಸುಣ್ಣದಲ್ಲಿ ವೃತ್ತ ಬರೆದು ಒಂದೊಂದರಲ್ಲಿ ಒಂದೊಂದು ಕುರ್ಚಿ ಇಟ್ಟಿದ್ದರು. ಬಿಂದು ಅಮ್ಮನ ಜೊತೆ ಬಂದವಳು ಜಗಲಿಯ ಮೇಲೆ ಬೇರೆ ಮಕ್ಕಳ ಪಕ್ಕ ಕೂತಳು. ಹೆಡ್‌ಮಾಸ್ಟರ್ ಸಿದ್ದಲಿಂಗಸ್ವಾಮಿಯವರು ಒಂದರ ಮೇಲೊಂದು ಎರಡು ಮಾಸ್ಕು ಹಾಕಿಕೊಂಡು ನಿಂತಿದ್ದರು. ಅವರೇನು ಕೆಟ್ಟ ಮನುಷ್ಯರಲ್ಲ. ಮೇ ತಿಂಗಳಲ್ಲಿ ಅವರ ಜೊತೆ ಹನ್ನೆರಡು ವರ್ಷ ಕೆಲಸ ಮಾಡಿದ ಮಾಸ್ತರೊಬ್ಬರು ತೀರಿಕೊಂಡಿದ್ದರು, ಮಣ್ಣಿಗೆ ಹೋಗಲೂ ಆಗಿರಲಿಲ್ಲ. ಕೋಣೆಗಳು ಚಿಕ್ಕವು, ಮಕ್ಕಳಿಗೆ ಲಸಿಕೆ ಬಂದಿಲ್ಲ, ಅವಸರ ಮಾಡುವುದು ಬೇಡ, ವಾರಕ್ಕೆ ಎರಡು ದಿನ ಸಾಕು ಅನ್ನುವುದು ಅವರ ಅಭಿಪ್ರಾಯ. ಹೇಗೂ ಫೋನಿನ ಪಾಠ ಚೆನ್ನಾಗಿ ನಡೆಯುತ್ತಿದೆ ಅಂದರು. ನಾಲ್ಕನೇ ಕ್ಲಾಸಿನ ಹಾಜರಿ ನೂರಕ್ಕೆ ತೊಂಬತ್ತೆಂಟು, ಆ ಲೆಕ್ಕವನ್ನು ಮೇಲಿನ ಆಫೀಸಿಗೂ ಬರೆದು ಕಳಿಸಿದ್ದೇನೆ ಅಂದರು. ಆಮೇಲೆ, ಬೇಕಿದ್ದರೆ ನೀವೇ ಕೇಳಿ ಅಂತ ಸುಷ್ಮಾ ಮಿಸ್ಸಿನ ಫೋನನ್ನು ಒಂದು ಚಿಕ್ಕ ಸ್ಪೀಕರಿಗೆ ಸೇರಿಸಿದರು.

ಬಿಂದುವಿನ ದನಿ ಇಡೀ ಅಂಗಳಕ್ಕೆ ಕೇಳಿಸಿತು. ಏಳೊಂದ್ಲ ಏಳು. ಏಳೆರಡ್ಲ ಹದಿನಾಲ್ಕು. ಎಲ್ಲೂ ತಡವರಿಸದೆ, ರಾಗವಾಗಿ. ಏಳಾರ್ಲ ನಲವತ್ತೆರಡು ಅಂದ ಮೇಲೆ ಹಿಂದಿನಿಂದ ಕುಕ್ಕರು ಕೂಗಿತು, ಎಲ್ಲರೂ ನಕ್ಕರು. ಏಳ್ಹತ್ಲ ಎಪ್ಪತ್ತು ಅಂತ ಮುಗಿದಾಗ ಚಪ್ಪಾಳೆ ಬಿತ್ತು. ಪಕ್ಕದ ಕುರ್ಚಿಯ ಪುಟ್ಟಬಸಮ್ಮ, ಅವಳ ಮೊಮ್ಮಗನೂ ಅದೇ ಕ್ಲಾಸು, ಪ್ರೀತಿಯ ಕಡೆ ಬಾಗಿ, ಇವತ್ತು ಬೆಳ್ಗೆಬೆಳ್ಗೆನೇ ಏನ್ರೀ ಸಾರು ಅಂತ ಕೇಳಿದಳು.

ಪ್ರೀತಿ ಜಗಲಿಯ ಕಡೆ ನೋಡಿದಳು. ಬಿಂದುವಿನ ಪಕ್ಕದ ಹುಡುಗಿ ಅವಳ ಬೆನ್ನು ತಟ್ಟುತ್ತಿದ್ದಳು. ಬಿಂದು ತಲೆ ತಗ್ಗಿಸಿ ನೆಲ ನೋಡುತ್ತಿದ್ದಳು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಭೆ ಮುಗಿದ ಮೇಲೆ ಮಿಸ್ಸನ್ನು ಒಂದು ಬದಿಗೆ ಕರೆದು ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ಹೆಡ್‌ಮಾಸ್ಟರು, ಎರಡು ದಿನಕ್ಕೆ ಒಪ್ಪಿಗೆ ಇರುವವರು ಕೈ ಎತ್ತಿ ಅಂದರು, ಒಂದೊಂದೇ ಕೈ ಮೇಲೇಳತೊಡಗಿತು. ಪ್ರೀತಿ ಎದ್ದು ನಿಂತಳು.

"ಸಾರ್, ಅದು ಇವತ್ತಿಂದಲ್ಲ," ಅಂದಳು. "ಜೂನಿನದು. ನಾನೇ ವಾರ ವಾರ ಅದನ್ನೇ ಕಳಿಸ್ತಿದ್ದೆ. ನನ್ನ ಮಗಳಿಗೆ ಈಗ ಐದರ ಮಗ್ಗಿನೂ ಪೂರ್ತಿ ಬರಲ್ಲ, ಹೆಸರು ಓದೋಕೂ ಬರಲ್ಲ. ತಪ್ಪು ನಂದು, ಅವಳ್ದಲ್ಲ. ಆದ್ರೆ ಈ ಹಾಜರಿ ನೋಡ್ಕೊಂಡು ಎರಡು ದಿನ ಸಾಕು ಅನ್ಬೇಡಿ."

ಎತ್ತಿದ್ದ ಕೈಗಳು ಎತ್ತಿದಲ್ಲೇ ನಿಂತವು. ಹಿಂದಿನ ಸಾಲಿನಿಂದ ಒಬ್ಬರು, ಸಮಿತಿಯವರೇ ಹಿಂಗೆ ಮಾಡಿದ್ರೆ ಇನ್ನು ಉಳಿದೋರು ಚಿನ್ನದಂಥೋರು ಬುಡಿ ಅಂತ ಚುಚ್ಚಿದರು. ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರು, ಮಾಸ್ಕಿನ ಆವಿಗೋ, ಏನು ಹೇಳಬೇಕೋ ತಿಳಿಯದೆಯೋ. ನಾನು ಮೇಲಕ್ಕೆ ಬರೆದು ಕಳಿಸಿಬಿಟ್ಟಿದ್ದೀನಲ್ಲಮ್ಮ ಅಂದರು ಅಷ್ಟೇ.

ಆಗ ಸುಷ್ಮಾ ಮಿಸ್ಸು ಮುಂದೆ ಬಂದರು. ಅವರು ಪ್ರೀತಿಯ ಮುಖ ನೋಡಲಿಲ್ಲ. ಅವರ ಕಿವಿ ಕೆಂಪಾಗಿತ್ತು.

"ಸರ್, ನಾನೂ ಹೇಳ್ಬೇಕು," ಅಂದರು. "ಮೊದಮೊದಲು ಎಲ್ಲಾ ಕೇಳ್ತಿದ್ದೆ. ಆಮೇಲೆ ಲಸಿಕೆ ಸರ್ವೆಗೆ ಹಾಕಿದ್ರಿ, ಬೆಳಿಗ್ಗೆಯಿಂದ ಸಂಜೆವರೆಗೂ ಬೀದಿ ಸುತ್ತೋದು. ನಲವತ್ತೊಂದು ಮಕ್ಕಳದ್ದು ಕೂತು ಕೇಳೋಕಾಗ್ಲಿಲ್ಲ. ಬಂದಿದೆಯಾ ನೋಡಿ ಸ್ಟಾರ್ ಹಾಕ್ಬುಡ್ತಿದ್ದೆ. ಇದು ಜೂನಿನದ್ದು ಅಂತ ನಂಗೆ ಗೊತ್ತಾಗ್ಬೇಕಿತ್ತು."

ಪುಟ್ಟಬಸಮ್ಮ ಗಂಟಲು ಸರಿಮಾಡಿಕೊಂಡು, ನಮ್ಮನೇಲಿ ಮಗ್ಗಿ ಹೇಳೋದು ದೊಡ್ಡವನು, ಚಿಕ್ಕವನು ಪಕ್ಕದಲ್ಲಿ ತುಟಿ ಅಲ್ಲಾಡಿಸ್ತಾನೆ ಅಂದಳು. ಯಾರಿಗೂ ನಗು ಬರಲಿಲ್ಲ, ಆಮೇಲೆ ಯಾರೋ ಒಬ್ಬರಿಗೆ ಬಂತು.

ಅಲ್ಲಿಂದ ಮುಂದೆ ಒಂದು ಗಂಟೆ ಮಾತು ನಡೆಯಿತು, ಜಗಳವೂ ಆಯಿತು. ಮನೆಯಲ್ಲಿ ಕಾಯಿಲೆಯವರಿರುವ ಒಂದಿಬ್ಬರು ಆರು ದಿನಕ್ಕೆ ಖಂಡಿತ ಒಪ್ಪಲಿಲ್ಲ, ಅವರ ಮಾತಿನಲ್ಲೂ ತಪ್ಪಿರಲಿಲ್ಲ. ನಮ್ಮನೆಯಲ್ಲೂ ಅತ್ತೆ ಇದ್ದಾರೆ ಅಂತ ಪ್ರೀತಿ ಹೇಳಿದಾಗ ಅವರು ಸ್ವಲ್ಪ ತಣ್ಣಗಾದರು. ಕೊನೆಗೆ ದಾರಿ ತೋರಿಸಿದವರು ಹೆಡ್‌ಮಾಸ್ಟರೇ. ಆರೂ ದಿನ ಶಾಲೆ, ಆದರೆ ಅರ್ಧ ಮಕ್ಕಳು ಬೆಳಿಗ್ಗೆ, ಅರ್ಧ ಮಧ್ಯಾಹ್ನ. ಮಳೆಯಿಲ್ಲದಾಗ ಪಾಠ ಜಗಲಿಯಲ್ಲಿ, ಮರದ ಕೆಳಗೆ. ಬರಲಾಗದ ಮಕ್ಕಳ ಮನೆಗೆ ವಾರಕ್ಕೊಂದು ಸಲ ಒಬ್ಬ ಮೇಷ್ಟ್ರು. ನನಗೆ ಭಯ ಹೋಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ ಅಂದರು. ಮೇಲಿನ ಆಫೀಸಿಗೆ ಹೊಸದಾಗಿ ಸರಿಯಾದ ಲೆಕ್ಕ ಬರೆಯುತ್ತೇನೆ, ಬೈಸಿಕೊಳ್ಳುವುದು ನನಗೆ ಅಭ್ಯಾಸ ಅಂತಲೂ ಅಂದರು. ಈ ಸಲ ಎದ್ದ ಕೈಗಳನ್ನು ಎಣಿಸುವ ಅಗತ್ಯ ಬೀಳಲಿಲ್ಲ.

ಗೆದ್ದೆ ಅನ್ನುವ ಹಾಗೆ ಪ್ರೀತಿ ಜಗಲಿಗೆ ಹೋದರೆ ಬಿಂದು ಅಲ್ಲಿರಲಿಲ್ಲ. ಗೇಟಿನ ಹೊರಗೆ ಸ್ಕೂಟಿಯ ಹಿಂದೆ ನಿಂತಿದ್ದಳು. ಮಾಸ್ಕು ಕಣ್ಣೀರಿಗೆ ಒದ್ದೆಯಾಗಿತ್ತು.

"ಎಲ್ರ ಮುಂದೆ ಯಾಕಮ್ಮ ಹೇಳ್ದೆ? ಹೇಳ್ಬೇಡ ಅಂದಿದ್ದೆ ತಾನೆ."

ಮಿಸ್ಸಿಗೆ ಹೇಳಬೇಡ ಅಂದಿದ್ದಳು ಮಗಳು, ತಾನು ಊರಿಗೇ ಸಾರಿದ್ದಳು. ದಾರಿಯಲ್ಲಿ ಬಿಂದು ಯಾವತ್ತಿನ ಹಾಗೆ ಅವಳ ಸೊಂಟ ಹಿಡಿದುಕೊಳ್ಳಲಿಲ್ಲ, ಹಿಂದಿನ ಕಂಬಿ ಹಿಡಿದು ಕೂತಳು. ಭಾನುವಾರ ಪೂರ್ತಿ ಅಜ್ಜಿಯ ಜೊತೆ ಮಾತ್ರ ಮಾತು.

ಸೋಮವಾರ ಬೆಳಿಗ್ಗೆ ಹಳೇ ಯೂನಿಫಾರಂ ಮೊಣಕಾಲಿನಿಂದ ಒಂದು ಗೇಣು ಮೇಲಿತ್ತು, ಅದನ್ನೇ ಹಾಕಿಕೊಂಡು ಬಿಂದು ಅಮ್ಮನ ಸ್ಕೂಟಿಯಲ್ಲಿ ಬೆಳಿಗ್ಗೆಯ ಸರದಿಗೆ ಹೊರಟಳು. ಗೇಟಿನಲ್ಲಿ ಸುಷ್ಮಾ ಮಿಸ್ಸು ಮಕ್ಕಳ ಹಣೆಗೆ ಜ್ವರ ನೋಡುವ ಯಂತ್ರ ಹಿಡಿಯುತ್ತಿದ್ದರು. ಬಿಂದು ಅಲ್ಲೇ ನಿಂತುಬಿಟ್ಟಳು. ಮಿಸ್ಸು ಬಗ್ಗಿ, ನಾವಿಬ್ಬರೂ ಎರಡರಿಂದ ಶುರು ಮಾಡೋಣ, ನಂಗೂ ಮಕ್ಕಳ ಮುಂದೆ ನಿಂತು ಪಾಠ ಮಾಡೋದು ಮರ್ತೋಗಿದೆ ಅಂದರಂತೆ. ಬಿಂದು ತಿರುಗಿ ನೋಡದೆ ಒಳಗೆ ಹೋದಳು.

ಅವತ್ತು ಪ್ರೀತಿ ಕುವೆಂಪುನಗರದಿಂದ ನೇರ ಶಾಲೆಗೇ ಬಂದು, ಬಿಡುವುದಕ್ಕೆ ಅರ್ಧ ಗಂಟೆ ಮುಂಚೆಯೇ ಗೇಟಿನಲ್ಲಿ ಕಾದಳು. ಬಿಂದು ಬಂದವಳೇ ಸ್ಕೂಟಿ ಹತ್ತಿದಳು. ಒಂಟಿಕೊಪ್ಪಲ್ ಸರ್ಕಲ್ ದಾಟುವವರೆಗೆ ಒಂದು ಮಾತಿಲ್ಲ. ಆಮೇಲೆ ಶುರುವಾಯಿತು ನೋಡಿ. ಪವಿತ್ರಂಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ಮಾಸ್ಕ್ ತೆಗೆದಾಗಲೇ ಗೊತ್ತಾಗಿದ್ದು. ಕ್ಲಾಸಿನಲ್ಲಿ ಏಳು ಜನಕ್ಕೆ ಒತ್ತಕ್ಷರ ಬರಲ್ಲ, ನಾನೊಬ್ಬಳೇ ಅಲ್ಲ. ಮಿಸ್ಸು ಅವರೆಲ್ಲರನ್ನೂ ಮರದ ಕೆಳಗೆ ಕೂರಿಸಿಕೊಂಡಿದ್ದರು, ನಾಳೆಯೂ ಅಲ್ಲೇ. ನಾಳೆ ಬೇಗ ಬಿಡಬೇಕು, ಮುಂದೆ ಜಾಗ ಸಿಗಲ್ಲ. ಮನೆ ಬಂದರೂ ಮಾತು ಮುಗಿದಿರಲಿಲ್ಲ. ಇಳಿಯುವಾಗ ಮಾತ್ರ, ನಾನಿನ್ನೂ ನಿನ್ನ ಮೇಲೆ ಕೋಪದಲ್ಲೇ ಇದ್ದೀನಿ ಅಂತ ನೆನಪು ಮಾಡಿ ಒಳಗೆ ಓಡಿದಳು.

ಪ್ರೀತಿ ಸ್ಕೂಟಿ ಆಫ್ ಮಾಡಿ, ಖಾಲಿ ಚೀಲ ಇಳಿಸಿಕೊಂಡು ಅವಳ ಹಿಂದೆಯೇ ಹೋದಳು. ಮಗಳು ಹೇಳಬೇಡ ಅಂದದ್ದನ್ನು ಅಷ್ಟು ಜನರ ಮುಂದೆ ಹೇಳಿದ್ದು ಸರಿಯಾ ಅಂತ ಅವಳಿಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಕೈಗಳು ಒಂದೊಂದೇ ಮೇಲೇಳುತ್ತಿದ್ದ ಆ ಗಳಿಗೆಯಲ್ಲಿ, ಜಗಲಿಯ ಮೇಲೆ ನಿಮ್ಮ ಮಗು ತಲೆ ತಗ್ಗಿಸಿ ಕೂತಿದ್ದರೆ, ನೀವು ಏನು ಮಾಡುತ್ತಿದ್ದಿರಿ?