ಸತ್ತೇಗಾಲದ ಅಳಿಯನ ಚಿನ್ನದ ಹಲ್ಲು

ಶಾಗ್ಯದ ಪುಟ್ಟಮಾದಪ್ಪನ ಮುಂದಿನ ಹಲ್ಲಿಗೆ ಯಾವ ಊನವೂ ಇರಲಿಲ್ಲ. ಊನವಿದ್ದದ್ದು ತಲೆಯೊಳಗೆ. ಅರವತ್ತೊಂದನೇ ಇಸವಿಯಲ್ಲಿ ಸುತ್ತಮುತ್ತಲ ಶೋಕಿಗಾರರೆಲ್ಲ ಚಿನ್ನದ ಹಲ್ಲು ಕಟ್ಟಿಸಿಕೊಂಡು ಹಲ್ಲುಕಿರಿಯುತ್ತಿದ್ದರು. ಮದುವೆ ಗೊತ್ತಾದ ಗಂಡು ಮಿಂಚಬೇಡವೇ? ಹುಡುಗಿ ಶಿವರತ್ನಮ್ಮ ಸತ್ತೇಗಾಲದ ನೀರಾವರಿ ಮನೆತನದವಳು. ಬೆದ್ದಲು ಸೀಮೆಯವನೆಂದು ತನ್ನನ್ನು ಹಗುರಾಗಿ ಕಂಡಾಳೆಂಬ ಅಳುಕು ಅವನನ್ನು ಕೊರೆಯುತ್ತಿತ್ತು.

ಕೊಳ್ಳೇಗಾಲದ ಹಲ್ಲಿನ ಡಾಕ್ಟರು ಬಾಯಿ ನೋಡಿ ಗದರಿಯೇಬಿಟ್ಟರು. "ಮುರಿದ ಹಲ್ಲಿಗಾದ್ರೆ ಕವಚ ಹಾಕ್ಬಹುದು. ಕಲ್ಲಿನಂಥ ಹಲ್ಲನ್ನ ಯಾಕಯ್ಯ ತೇಯಿಸ್ಕೋತೀಯ? ತೇಯ್ದದ್ದು ಮತ್ತೆ ಬೆಳೆಯಲ್ಲ. ತಣ್ಣೀರು ಕುಡಿದ್ರೂ ಜುಂ ಅನ್ನುತ್ತೆ. ಗಟ್ಟಿ ಪದಾರ್ಥ ಕಚ್ಚೋ ಹಾಗಿಲ್ಲ, ಕಬ್ಬಂತೂ ಸಿಗಿಯಲೇಬಾರದು."

"ನಮ್ಮೂರಲ್ಲಿ ರಾಗಿ ಬುಟ್ರೆ ಜ್ವಾಳ ಸಾ. ಕಬ್ಬ ಎಲ್ಲಿಂದ ತರಾನ? ಆಕ್ಬುಡಿ!"

ಮಹಾನುಭಾವ! ಹೆಣ್ಣು ಕಬ್ಬಿನ ಗದ್ದೆಗಳ ಊರಿನದೆಂಬುದೇ ಆ ಗಳಿಗೆಯಲ್ಲಿ ಅವನ ನೆನಪಿಗೆ ಬರಲಿಲ್ಲ.

ಮದುವೆಯಾಗಿ ಮೊದಲ ಸಲ ಮಾವನ ಮನೆಗೆ ಹೋದದ್ದು ಕಬ್ಬು ಕಡಿಯುವ ಕಾಲದಲ್ಲಿ. ಗದ್ದೆಯ ಬದುವಿನ ಮೇಲೆ ಭಾಮೈದ ಷಡಕ್ಷರಿ ಮಾರುದ್ದದ ಜಲ್ಲೆ ತಂದು ಕೈಗಿಟ್ಟ.

"ಸಿಗೀರಿ ಬಾವ. ನಮ್ಮೂರ ಅಳಿಯಂದ್ರ ತಾಕತ್ತ ನೋಡಾದೇ ಇಂಗೆ."

ಅತ್ತೆ ಚನ್ನಾಜಮ್ಮ, ಕಬ್ಬು ಕಡಿಯುವ ಆಳುಗಳು, ಎಲ್ಲರ ಕಣ್ಣೂ ಅವನ ಬಾಯ ಮೇಲೆ. ಒಲ್ಲೆನೆಂದರೆ ಮಾನ ಹೋಗುತ್ತದೆ, ಕಚ್ಚಿದರೆ ಹಲ್ಲು ಹೋಗುತ್ತದೆ. ಶಿವರತ್ನಮ್ಮನೂ ನೋಡುತ್ತಿದ್ದಳಲ್ಲ! ಮಲೆ ಮಾದಪ್ಪನ ಮೇಲೆ ಭಾರ ಹಾಕಿ ಕಚ್ಚಿ ಎಳೆದ.

ಕಬ್ಬಿನ ಸಿಪ್ಪೆ ಜಪ್ಪಯ್ಯ ಅನ್ನಲಿಲ್ಲ. ಚಿನ್ನ ಮಾತ್ರ ಎಗರಿ ಸೋಗೆಯೊಳಗೆ ಎಲ್ಲೋ ಬಿತ್ತು. ಬಾಯಲ್ಲಿ ಉಳಿದ ಮೋಟು ಹಲ್ಲಿಗೆ ಗಾಳಿ ತಾಗಿದ್ದೇ ತಡ, ನೆತ್ತಿಯವರೆಗೂ ಜುಂ ಎಂದಿತು. ಬಾಯಿ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತುಬಿಟ್ಟ. ಆಳುಗಳ ಜೊತೆ ಷಡಕ್ಷರಿಯೂ ಕಿಸಕ್ಕೆಂದ. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಅವನಿಗೆ.

"ಕಿಸೀಬ್ಯಾಡ, ಉಡುಕ್ಲಾ ಅದ್ನ!" ಎಂದು ತಮ್ಮನನ್ನು ಗದರಿ ಶಿವರತ್ನಮ್ಮ ಗಂಡನ ಪಕ್ಕ ಕೂತಳು. "ನೋಯ್ತದಾ? ಯಾಕ್ ಕಟ್ಟಿಸ್ಕಂಡ್ರಿ ಇದ್ನ?"

"ನೀನು ಮೆಚ್ಲಿ ಅಂತ," ಎಂದ ಅಂಗೈಯೊಳಗಿಂದಲೇ.

"ಎಣ್ಣು ನೋಡಾಕ್ ಬಂದಾಗ ಇರ್ನಿಲ್ವಲ್ಲ ಇದು? ನಾನು ಆಗ್ಲೇ ಮೆಚ್ಕಂಡಿದ್ದೆ ಕಣ್ರಿ."

ಹೊಸ ಮದುವಣಗಿತ್ತಿ, ತಾಯಿಯ ಎದುರೇ, ಜಲ್ಲೆಯನ್ನು ತಾನು ಕಿತ್ತುಕೊಂಡು ಸರಸರನೆ ಹಲ್ಲಲ್ಲಿ ಸಿಗಿದು, ಚೂರು ಮಾಡಿ ಚಾಚಿದಳು.

"ದವಡೇಲಿ ಅಗೀರಿ. ಇನ್ಮ್ಯಾಕೆ ಸಿಗಿಯಾದು ನಾನು, ತಿನ್ನಾದು ನೀವು."

ಪುಟ್ಟಮಾದಪ್ಪ ಬಾಯಿಂದ ಕೈ ತೆಗೆದ.