ಉಸಿರಿನ ಸುದ್ದಿ

ಜುಲ್ಹುಮೊರ್ ಅಂಗಳದ ತಂದೂರಿನ ಗೋಡೆಗೆ ರೊಟ್ಟಿ ಬಡಿದು ಕೈ ಹೊರಗೆಳೆಯುವಷ್ಟರಲ್ಲಿ ಕಟ್ಟೆಯ ಮೇಲಿದ್ದ ಫೋನು ಕೂಗಿಕೊಂಡಿತು. ಪರದೆ ಕೆಂಪಾಗಿತ್ತು. ಮಗುವಿನ ಉಸಿರಿನ ಸುದ್ದಿ ಬರುತ್ತಿಲ್ಲ.

ಮಗಳು ಮುಹ್ಲಿಸಾ ದಿನ ತುಂಬುವ ಮೊದಲೇ ಹುಟ್ಟಿದವಳು, ನಿದ್ದೆಯಲ್ಲಿ ಉಸಿರಾಡುವುದನ್ನೇ ಮರೆಯುವ ಕೂಸು. ಅದಕ್ಕೇ ನಮಂಗಾನ್ ಪಟ್ಟಣದ ವೈದ್ಯೆ ಬೆಳಕು ಮಿನುಗಿಸುವ ಒಂದು ಪುಟ್ಟ ಗುಂಡಿ ಕೊಟ್ಟಿದ್ದರು. ಮಗುವಿನ ಎದೆಯ ಪಟ್ಟಿಗೆ ಸಿಕ್ಕಿಸಿದರೆ ಅದು ಕಣ್ಣಿಗೆ ತಿಳಿಯದಷ್ಟು ಬೇಗ ಮಿನುಗುತ್ತ ಪ್ರತಿ ಉಸಿರನ್ನೂ ಚಾವಣಿಯ ದೀಪಕ್ಕೆ ಹೇಳುತ್ತಿತ್ತು. ಒಳಗಿನ ದೀಪ ತಂತಿಯಲ್ಲಿ ಅಂಗಳದ ದೀಪಕ್ಕೆ, ಅಂಗಳದ ದೀಪ ತನ್ನ ಬೆಳಕಿನಲ್ಲೇ ಫೋನಿಗೆ ಆ ಸುದ್ದಿ ದಾಟಿಸುತ್ತಿತ್ತು.

ಹಿಟ್ಟಿನ ಕೈಯಲ್ಲೇ ಅವಳು ಓಡಿದಳು. ಕೋಣೆಯಲ್ಲಿ ಅತ್ತೆ ಓಯ್ನಿಸಾ ಪಕ್ಕದ ಮನೆಯ ಸಲೋಮತ್‌ಗೆ ಚಹಾ ಬಗ್ಗಿಸುತ್ತಿದ್ದಳು.

"ಏನಮ್ಮಾ, ನಾಯಿ ಅಟ್ಟಿಸ್ಕೊಂಡ್ ಬಂತಾ?" ಎಂದಳು ಸಲೋಮತ್.

ಜುಲ್ಹುಮೊರ್ ನೇರ ತೊಟ್ಟಿಲಿಗೆ ನುಗ್ಗಿದಳು. ತೊಟ್ಟಿಲ ಮೇಲಿನ ದಂಡಕ್ಕೆ ಒಂದರ ಮೇಲೊಂದು ಹೊದಿಕೆ ಹೊದಿಸಲಾಗಿತ್ತು. ಮಖಮಲ್ಲು, ರೇಷ್ಮೆ, ಅದರಡಿ ದಪ್ಪ ಹತ್ತಿಬಟ್ಟೆ, ಎಲ್ಲವನ್ನೂ ಕಿತ್ತೆಸೆದಳು. ಒಳಗೆ ಮಗು ಮೂಗಿನ ಮೇಲೆ ಬೆವರಿಟ್ಟುಕೊಂಡು ಮಲಗಿತ್ತು. ಎದೆ ಏರಿತು, ಇಳಿಯಿತು, ಮತ್ತೆ ಏರಿತು. ಬೆಳಕು ಮುಖಕ್ಕೆ ಬಿದ್ದದ್ದೇ ಕಣ್ಣು ಬಿಟ್ಟು ಮನೆ ಹಾರಿಹೋಗುವಂತೆ ಚೀರಿತು. ಅಂಗಳದಲ್ಲಿ ಫೋನು ಸುಮ್ಮನಾಯಿತು.

"ಅಳು ನನ್ನಮ್ಮಾ, ಇನ್ನೂ ಜೋರಾಗಿ ಅಳು," ಎನ್ನುತ್ತ ಜುಲ್ಹುಮೊರ್ ತೊಟ್ಟಿಲಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿ ಮಗುವನ್ನೆತ್ತಿ ನೆಲಕ್ಕೆ ಕುಸಿದಳು. ಮಗುವನ್ನು ಮೊಲೆಗೆ ಹಿಡಿದಳು.

"ಹುಟ್ಟಿ ಇನ್ನೂ ನಲವತ್ತು ದಿನ ಆಗಿಲ್ವಲ್ಲ ಮಗಳೇ, ದೃಷ್ಟಿ ತಾಗತ್ತೆ ಅಂತ ಮುಚ್ಚಿದೆ," ಎಂದಳು ಅತ್ತೆ. ಅವಳ ಮುಖ ಬಿಳಿಚಿತ್ತು.

"ಹಾಗಾದ್ರೆ ನನ್ನ ಕಣ್ಣು ಅಷ್ಟು ಕೆಟ್ಟದ್ದಾ ಅಕ್ಕಾ?" ಎಂದಳು ಸಲೋಮತ್.

"ನಿನ್ನದೇ ಮೊದಲು! ಸುಮ್ನೆ ಚಹಾ ಕುಡಿ."

"ಅತ್ತೇ, ಇಷ್ಟೆಲ್ಲ ಹೊದಿಸಿದ್ರೆ ಗುಂಡಿ ಹೇಳಿದ್ದು ದೀಪಕ್ಕೆ ಕಾಣಲ್ಲ," ಎಂದಳು ಜುಲ್ಹುಮೊರ್. ಸಿಟ್ಟು ಬರಬೇಕಿತ್ತು, ಬರಲಿಲ್ಲ. "ಮಗೂಗೆ ಸೆಖೇನೂ ಆಗತ್ತೆ."

ಓಯ್ನಿಸಾ ತೊಟ್ಟಿಲನ್ನು ನೋಡಿದಳು, ಬಾಗಿಲನ್ನು ನೋಡಿದಳು, ಕತ್ತೆತ್ತಿ ದೀಪವನ್ನೂ ನೋಡಿದಳು. ಆಮೇಲೆ ತೆಳುವಾದ ರೇಷ್ಮೆಯೊಂದನ್ನೇ ಆರಿಸಿ ಬಾಗಿಲ ಕಡೆಗೆ ಇಳಿಬಿಟ್ಟು, ಗೋಡೆಯ ಕಡೆಯನ್ನೂ ಮೇಲ್ಭಾಗವನ್ನೂ ಪೂರ್ತಿ ತೆರೆದಿಟ್ಟಳು.

"ಕೆಟ್ಟ ಕಣ್ಣು ಬರೋದು ಬಾಗಿಲಿಂದ. ಚಾವಣಿಯಿಂದ ಯಾರು ನೋಡ್ತಾರೆ?"

"ಸರಿ ಬಿಡು, ನಾಳೆ ಏಣಿ ತರ್ತೀನಿ," ಎಂದಳು ಸಲೋಮತ್.

ಜುಲ್ಹುಮೊರ್‌ಗೆ ನಗು ಉಕ್ಕಿ ಬಂತು, ಕಣ್ಣೀರಿನ ಜೊತೆಗೇ. ಮೊಲೆಗೆ ಬಾಯಿಟ್ಟಿದ್ದ ಮಗು ಆ ನಗುವಿಗೆ ಅಲುಗಾಡಿ, ಹಿಡಿತ ತಪ್ಪಿ, ಸಿಡುಕಿ, ಮತ್ತೆ ಕಚ್ಚಿಕೊಂಡಿತು.